ಅದು ಪಾಳು ಸುರಂಗ ಅಲ್ಲ, ಸುಳ್ಳು ಬರೆದವಳು ನಾನೇ

1/11
ಈ ಫೋಟೋ ನಂದೇ. 2024ರ ನವೆಂಬರ್‌ನಲ್ಲಿ ಹಾಕಿದ್ದು. ಸುರಂಗದ ಒಳಗಿಂದ ತೆಗೆದದ್ದು, ಆಚೆ ತುದೀಲಿ ಹಸಿರು ಬೆಳಕು, ನಡುವೆ ಕೈ ಚಾಚಿ ನಿಂತಿರೋ ನಾನು. ಅವತ್ತು ಕೆಳಗೆ ಬರೆದಿದ್ದ ಸಾಲನ್ನೂ ಓದಿಬಿಡಿ: "ಮಲೆನಾಡಿನ ಕಾಡಲ್ಲಿ ಎಲ್ಲರೂ ಮರೆತುಬಿಟ್ಟ ಒಂದು ಪಾಳು ರೈಲು ಹಳಿ."

ಪಾಳು ಅಲ್ಲ. ಮರೆತದ್ದೂ ಇಲ್ಲ. ಅದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿ ಹಳಿ. ಬೆಂಗಳೂರಿಂದ ಮಂಗಳೂರಿಗೆ ರೈಲು ಹೋಗೋದು ಅದರ ಮೇಲೆ, ಮಂಗಳೂರು ಬಂದರಿನಿಂದ ಗೂಡ್ಸ್ ಗಾಡಿ ಮೇಲೆ ಬರೋದೂ ಅದರ ಮೇಲೆ. ನಾನು ಆ ಫೋಟೋ ತೆಗೆಸಿಕೊಂಡ ಹೊತ್ತಲ್ಲೂ ಓಡ್ತಾ ಇತ್ತು. ಅದು ನನಗೆ ಗೊತ್ತಿತ್ತು. ಯಾಕೆ ಗೊತ್ತಿತ್ತು ಅಂತ ಕೇಳಿದ್ರೆ, ಆ ಫೋಟೋ ತೆಗೆಯೋ ಇಪ್ಪತ್ತು ನಿಮಿಷ ಮುಂಚೆ ನಮ್ಮ ಮೈಗೆ ಒಂದು ಮೊಳ ದೂರದಲ್ಲಿ ಒಂದು ಗೂಡ್ಸ್ ಹೋಗಿತ್ತು.

ಆ ಪೋಸ್ಟ್‌ಗೆ 1,900 ಲೈಕ್ ಬಂದಿತ್ತು. ಇವತ್ತಿಗೂ ನನ್ನ ಪ್ರೊಫೈಲ್‌ನಲ್ಲಿ ಅದಕ್ಕಿಂತ ಜಾಸ್ತಿ ಬಂದದ್ದು ಇಲ್ಲ. ಡಿಲೀಟ್ ಮಾಡಿದ್ದೀನಿ. ಈಗ ಇದನ್ನೆಲ್ಲ ಬರೀತಿರೋದು ಡಿಲೀಟ್ ಮಾಡಿದ್ರೆ ಸಾಲಲ್ಲ ಅಂತ ಗೊತ್ತಾದ ಮೇಲೆ. ಉದ್ದ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. ಬೈಯೋದಿದ್ರೆ ಕೊನೇಲಿ ಬೈಯಿರಿ.

2/11
ಮೊದಲು ಫೋಟೋದಲ್ಲಿ ನಾನು ಮಾಡಿದ ಕಳ್ಳಾಟ ಹೇಳ್ತೀನಿ. ಇದು ಗೊತ್ತಾದ್ರೆ ಬೇರೆಯವರ ರೀಲ್ಸ್ ನೋಡುವಾಗ ನಿಮಗೇ ಕಣ್ಣಿಗೆ ಬೀಳುತ್ತೆ.

ಪ್ರತಿ ಸುರಂಗದ ಬಾಯಿಯಲ್ಲೂ ಅದರ ನಂಬರ್ ಬಣ್ಣದಲ್ಲಿ ಬರೆದಿರ್ತಾರೆ. ನಾನು ಅದನ್ನ ಕ್ರಾಪ್ ಮಾಡಿದೆ. ಹೊಸದಾಗಿ ಬಣ್ಣ ಬಳಿದ ನಂಬರ್ ಕಂಡ್ರೆ ಪಾಳು ಅನ್ನಿಸಲ್ಲ ಅಲ್ವಾ. ಎರಡನೇದು ಹಳಿ. ರೈಲು ಓಡದ ಹಳಿ ಪೂರ್ತಿ ತುಕ್ಕು ಹಿಡಿದು ಕಂದು ಬಣ್ಣಕ್ಕೆ ಬರುತ್ತೆ, ಮಳೆ ಸೀಮೆಯಲ್ಲಂತೂ ಕೆಲವೇ ದಿನ ಸಾಕು. ದಿನಾ ರೈಲು ಓಡೋ ಹಳಿಯ ತಲೆ ಸ್ಟೀಲ್ ಲೋಟದ ಥರ ಮಿರಮಿರ ಹೊಳೆಯುತ್ತೆ, ಅಷ್ಟೊಂದು ಚಕ್ರ ಉಜ್ಜಿರುತ್ತೆ. ನನ್ನ ಫೋಟೋದಲ್ಲೂ ಹೊಳೀತಿತ್ತು. ನಾನು ಹಳೇ ಕಾಲದ ಥರ ಕಾಣೋ ಒಂದು ಫಿಲ್ಟರ್ ಹಾಕ್ದೆ, ಹೊಳಪೆಲ್ಲ ಕಂದು ಆಯ್ತು. ಮೂರನೇದು ಪಕ್ಕದಲ್ಲಿ ರಾಶಿ ಹಾಕಿದ್ದ ಹೊಸ ಜಲ್ಲಿ. ಅದನ್ನ ನನ್ನ ದುಪಟ್ಟಾ ಮುಚ್ಚಿತ್ತು. ಇದು ಮಾತ್ರ ಬೇಕಂತ ಮಾಡಿದ್ದಲ್ಲ.

ಹಾಗಾಗಿ ಮುಂದಿನ ಸಲ ಯಾರಾದರೂ "ಅಬ್ಯಾಂಡನ್ಡ್ ಟನಲ್" ಅಂತ ಹಾಕಿದ್ರೆ ಹಳಿಯ ತಲೆ ನೋಡಿ. ಅದು ಸುಳ್ಳು ಹೇಳಲ್ಲ.

3/11
ಈ "ಪಾಳು" ಅನ್ನೋ ಮಾತು ಎಲ್ಲಿಂದ ಬಂತು? ಪೂರ್ತಿ ಹುಟ್ಟಿಸಿಕೊಂಡ ಕಥೆ ಏನಲ್ಲ, ಅದನ್ನೂ ಹೇಳ್ಬೇಕು.

1960ರ ದಶಕದಲ್ಲಿ ಹಾಸನ–ಮಂಗಳೂರು ಹಳಿಯ ಕೆಲಸ ಶುರುವಾಗಿ 1979ರಲ್ಲಿ ಮೀಟರ್ ಗೇಜ್ ರೈಲು ಓಡ್ತು. ಘಾಟಿ ಭಾಗ ಸುಮಾರು 55 ಕಿಲೋಮೀಟರ್. ಅದರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಏರು ಎಷ್ಟು ಅಂದ್ರೆ ಪ್ರತಿ 50 ಮೀಟರ್‌ಗೆ ಒಂದು ಮೀಟರ್. ರಸ್ತೆಯಲ್ಲಿ ಇದು ಲೆಕ್ಕಕ್ಕೇ ಇಲ್ಲ, ಶಿರಾಡಿ ಘಾಟಿಯಲ್ಲಿ ನಮ್ಮ ಸ್ಕೂಟಿಯೂ ಹತ್ತುತ್ತೆ. ಕಬ್ಬಿಣದ ಮೇಲೆ ಕಬ್ಬಿಣದ ಚಕ್ರ ಹತ್ತೋದು ಬೇರೆ ಮಾತು. ಹಿಂದಿನಿಂದ ತಳ್ಳೋಕೆ ಬೇರೆ ಇಂಜಿನ್ ಬೇಕು.

1990ರ ದಶಕದಲ್ಲಿ ಬ್ರಾಡ್‌ಗೇಜ್ ಮಾಡೋಕೆ ಅಂತ ರೈಲು ನಿಲ್ಲಿಸಿದ್ರು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ಯಾಸೆಂಜರ್ 2007ರ ಡಿಸೆಂಬರ್‌ನಲ್ಲಿ. ಆ ನಡುವಿನ ವರ್ಷಗಳಲ್ಲಿ ಬೆಂಗಳೂರಿನ ಹುಡುಗರು ರಾತ್ರಿ ಬಸ್ಸಲ್ಲಿ ಬಂದು, ದೋಣಿಗಲ್‌ನಲ್ಲಿ ಇಳಿದು, ಹಳಿ ಹಿಡಿದು ಎಡಕುಮೇರಿ ತನಕ ನಡೆದು, ಸ್ಟೇಷನ್ನಲ್ಲೇ ಮಲಗಿ, ಮಾರನೇ ದಿನ ಕಾಡಿನಲ್ಲಿ ಇಳಿದು ಗುಂಡ್ಯಕ್ಕೆ ಹೋಗ್ತಿದ್ರು. ಅವರು ತೆಗೆದ ಫೋಟೋ, ಬರೆದ ಬ್ಲಾಗ್ ಇನ್ನೂ ಇವೆ. ಆಗ ಅದು ನಿಜವಾಗಿಯೂ ರೈಲಿಲ್ಲದ ಹಳಿ. ಅವರನ್ನ ನಾನು ಬೈಯಲ್ಲ. ಸತ್ಯ ಹೇಳ್ಬೇಕಂದ್ರೆ ಹೊಟ್ಟೆಕಿಚ್ಚು ಪಡ್ತೀನಿ.

ಆದ್ರೆ ಹಳಿಗೆ ಜೀವ ಬಂದು ಇಪ್ಪತ್ತು ವರ್ಷ ಆಯ್ತು, ಸರಿಯಾಗಿ ನನ್ನ ವಯಸ್ಸು. ಕಥೆ ಮಾತ್ರ ಅಲ್ಲೇ ನಿಂತಿದೆ. ಆ ಹಳೇ ಬ್ಲಾಗ್ ಓದಿಕೊಂಡು ಹೊಸ ಪೇಜುಗಳು "ಗ್ರೀನ್ ರೂಟ್ ಟ್ರೆಕ್" ಅಂತ ಬರೀತಾವೆ, ಅದನ್ನ ನೋಡಿ ನನ್ನಂಥೋರು ಬ್ಯಾಗ್ ಏರಿಸ್ತಾರೆ.

4/11
ಅವತ್ತು ನಡೆದದ್ದು.

ನಾವು ಆರು ಜನ. ಎಲ್ಲ ಬಿಕಾಂ ಮೊದಲ ವರ್ಷ, ಹದಿನೆಂಟು ವಯಸ್ಸು. ಒಂದು ಟ್ರೆಕ್ಕಿಂಗ್ ಪೇಜ್ ತಲೆಗೆ 1,499 ರೂಪಾಯಿ ಕೇಳ್ತು, ನಾವು "ದುಡ್ಡು ಯಾಕೆ ದಂಡ, ನಾವೇ ಹೋಗೋಣ" ಅಂದ್ವಿ. ಮನೇಲಿ ಮಂಜ್ರಾಬಾದ್ ಕೋಟೆ ನೋಡೋಕೆ ಹೋಗ್ತೀವಿ ಅಂತ ಹೇಳಿದ್ದು.

ರೈಲಿನ ಆ್ಯಪ್‌ನಲ್ಲಿ ಟೈಮ್ ನೋಡಿದ್ವಿ. ಬೆಳಗ್ಗೆ ಒಂದು ಹೋಯ್ತು, ಇನ್ನು ಮಧ್ಯಾಹ್ನದ ತನಕ ಇಲ್ಲ. ಜೋರಾಗಿ ಹಾಡ್ಕೊಂಡು ಇಳೀತಾ ಇದ್ವಿ. ನಾಲ್ಕನೇದೋ ಐದನೇದೋ ಸುರಂಗ, ಒಳಗೆ ತಿರುವು ಇದ್ದಿದ್ದರಿಂದ ಆಚೆ ಬಾಯಿ ಕಾಣ್ತಿರಲಿಲ್ಲ. ನಡುವೆ ಹೋದಾಗ ಕಾಲಿಗೆ ಮೊದಲು ಗೊತ್ತಾಯ್ತು, ಕಿವಿಗಲ್ಲ. ಜಲ್ಲಿ ಗುಂಯ್ ಅಂತಿತ್ತು. ನನ್ನ ಗೆಳತಿ "ಭೂಕಂಪನಾ ಕಣೇ?" ಅಂದ್ಲು. ನಗು ಬರುತ್ತೆ ಈಗ. ಅವತ್ತು ಯಾರೂ ನಗಲಿಲ್ಲ.

ಗಾಡಿ ಬಂದದ್ದು ಹಿಂದಿನಿಂದ, ಅಂದ್ರೆ ಮೇಲಿನಿಂದ. ಘಾಟಿ ಹತ್ತೋ ರೈಲಾದ್ರೆ ದೂರದಿಂದಲೇ ಇಂಜಿನ್ ಅರಚೋದು ಕೇಳುತ್ತೆ. ಇಳಿಯೋ ರೈಲು ಬ್ರೇಕ್ ಹಿಡ್ಕೊಂಡು ಜಾರಿಕೊಂಡು ಬರುತ್ತೆ, ಸದ್ದು ಕಡಿಮೆ. ಸುರಂಗದೊಳಗೆ ಸೇರಿದ ಮೇಲೆ ಸದ್ದು ಎಲ್ಲ ಕಡೆಯಿಂದ ಬರುತ್ತೆ, ಯಾವ ಕಡೆ ಓಡ್ಬೇಕು ಅಂತ ತಿಳಿಯಲ್ಲ. ನಮ್ಮಲ್ಲಿ ಇಬ್ಬರು ರೈಲಿನ ಕಡೆಗೇ ನಾಲ್ಕು ಹೆಜ್ಜೆ ಓಡಿದ್ರು!

ಗೋಡೆಯಲ್ಲಿ ಅಲ್ಲಲ್ಲಿ ಗೂಡು ಕಟ್ಟಿರ್ತಾರೆ, ಕೆಲಸದವರು ರೈಲು ಬಂದಾಗ ನಿಲ್ಲೋಕೆ. ಒಂದು ಗೂಡಲ್ಲಿ ನಾಲ್ಕು ಜನ ತೂರಿಕೊಂಡ್ವಿ. ಉಳಿದಿಬ್ಬರು ಗೋಡೆಗೆ ಕೆನ್ನೆ ಒತ್ತಿ ನಿಂತ್ರು, ಅದರಲ್ಲಿ ಒಬ್ಬ ಪಕ್ಕದ ಚರಂಡಿಗೆ ಬಿದ್ದ. ವ್ಯಾಗನ್ ಒಂದಾದ ಮೇಲೆ ಒಂದು, ಒಂದೂವರೆ ನಿಮಿಷ ಇರಬಹುದು. ಗಾಳಿ, ಡೀಸೆಲ್ ವಾಸನೆ, ಬ್ರೇಕಿನ ಸುಟ್ಟ ವಾಸನೆ. ಆ ಒಂದೂವರೆ ನಿಮಿಷ ನಾನು ಅಮ್ಮನಿಗೆ ಹೇಳಿದ್ದ ಸುಳ್ಳನ್ನ ಯೋಚಿಸ್ತಿದ್ದೆ, ಮಂಜ್ರಾಬಾದ್ ಕೋಟೆ. ಇಲ್ಲಿ ಹೆಣ ಸಿಕ್ಕಿದ್ರೆ ಅಮ್ಮ "ಇಲ್ಲ, ನನ್ನ ಮಗಳು ಕೋಟೆಗೆ ಹೋಗಿದಾಳೆ" ಅಂತಾಳೆ ಅಂತ.

ಹೊರಗೆ ಬಂದು ನೀರು ಕುಡಿದ್ವಿ. ಚರಂಡಿಗೆ ಬಿದ್ದವನ ಮೊಣಕೈ ಒರೆಸಿದ್ವಿ. ಆಮೇಲೆ ಮುಂದಿನ ಸುರಂಗದಲ್ಲಿ ಈ ಫೋಟೋ ತೆಗೆದ್ವಿ.

ಇದನ್ನೇ ನಾನು ಮರೀಬಾರದು. ಹೆದರಿಕೆ ಆದ ಮೇಲೂ ತೆಗೆದ್ವಿ.

5/11
ಫೋಟೋಗೆ ಬಂದ ಕಾಮೆಂಟ್‌ಗಳಲ್ಲಿ ಅರ್ಧ "ಲೊಕೇಶನ್ ಪ್ಲೀಸ್". ನಾನು ಕೊಟ್ಟೆ. ಎಲ್ಲಿ ಇಳೀಬೇಕು, ಗೇಟ್‌ನವರು ನೋಡದ ಹಾಗೆ ಎಲ್ಲಿಂದ ಹಳಿಗೆ ಹತ್ತಬೇಕು, ಎಲ್ಲ. ಎಣಿಸಿದ್ದೀನಿ, 43 ಜನಕ್ಕೆ ಮೆಸೇಜ್‌ನಲ್ಲಿ ಕಳಿಸಿದ್ದೆ. ರೈಲು ಬಂದಿದ್ದನ್ನ ಒಬ್ಬರಿಗೂ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ಚಿಕ್ಕಪ್ಪ ಮನೆಗೆ ಬಂದ್ರು. ಅವರು ರೈಲ್ವೆಯಲ್ಲಿ ಗ್ಯಾಂಗ್‌ಮನ್, ಈಗ ಟ್ರ್ಯಾಕ್ ಮೇಂಟೇನರ್ ಅಂತಾರೆ, ಕೆಲಸ ಅದೇ. ಇದೇ ಘಾಟಿಯಲ್ಲಿ. ಊಟ ಆದ ಮೇಲೆ ಜಗಲೀಲಿ ಕೂತು ಮೊಬೈಲ್ ನನ್ನ ಮುಂದೆ ಹಿಡಿದ್ರು. ಅವರ ಗ್ಯಾಂಗಿನ ವಾಟ್ಸಾಪ್ ಗ್ರೂಪಿಗೆ ಯಾರೋ ಹಾಕಿದ್ದ ಫೋಟೋ.

"ಇದು ನೀನೇ ಅಲ್ವೇನೇ ಪುಟ್ಟಿ?"

ನಾನು ಸುಮ್ಮನಿದ್ದೆ. ಅವರು ಸುರಂಗದ ನಂಬರ್ ಹೇಳಿದ್ರು. ನಾನು ಕ್ರಾಪ್ ಮಾಡಿದ್ನಲ್ಲ, ಆ ನಂಬರ್. ಗೋಡೆಯ ಕಲ್ಲು ನೋಡಿ ಹೇಳಿದ್ರು. "ಇಲ್ಲಿ ಎಡಗಡೆ ನೀರು ಜಿನುಗುತ್ತೆ, ನಿನ್ನ ಚಪ್ಪಲಿ ಹತ್ರ ಕಾಣ್ತಿದೆ ನೋಡು" ಅಂದ್ರು. ಬೈಯಲಿಲ್ಲ. ಅಪ್ಪನಿಗೂ ಹೇಳಲಿಲ್ಲ. ಒಂದೇ ಮಾತು ಕೇಳಿದ್ರು: "ಪಾಳು ಅಂತ ಬರ್ದಿದ್ದೀಯಲ್ಲ, ನಾವೆಲ್ಲ ಹಂಗಾದ್ರೆ ಅಲ್ಲಿ ಏನ್ ಮಾಡ್ತಿದ್ದೀವಿ?"

6/11
ಅವರು ಅಲ್ಲಿ ಏನು ಮಾಡ್ತಾರೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಮನೆಯವರ ಕೆಲಸ ನಮಗೆ ಗೊತ್ತಿರಲ್ಲ, ವಿಚಿತ್ರ.

ಮಳೆಗಾಲದಲ್ಲಿ ರಾತ್ರಿ ಹಳಿ ಮೇಲೆ ನಡೆಯೋದು. ಕೈಯಲ್ಲಿ ದೀಪ, ಹೆಗಲಲ್ಲಿ ಚೀಲ. ಚೀಲದಲ್ಲಿ ಪಟಾಕಿ ಥರದ್ದು ಇರುತ್ತೆ. ಹಳಿ ಮೇಲೆ ಗುಡ್ಡ ಬಿದ್ದಿದ್ರೆ ಓಡಿಹೋಗಿ ದೂರದಲ್ಲಿ ಅದನ್ನ ಹಳಿಗೆ ಕಟ್ಟಬೇಕು, ಇಂಜಿನ್ ಅದರ ಮೇಲೆ ಹತ್ತಿದ್ರೆ ಢಂ ಅನ್ನುತ್ತೆ, ಲೋಕೋ ಪೈಲಟ್ ನಿಲ್ಲಿಸ್ತಾರೆ. ಎಡಕುಮೇರಿ, ಕಡಗರವಳ್ಳಿ, ಶಿರಿಬಾಗಿಲು ಎಲ್ಲ ಕಾಡಿನ ಮಧ್ಯದ ಸ್ಟೇಷನ್. ಜಿಗಣೆ, ಮಳೆ, ಆನೆ. ಬಿದ್ದ ಕಲ್ಲು, ವಾಲಿದ ಮರ, ಬಿರುಕು ಬಿಟ್ಟ ಮಣ್ಣು, ಇದನ್ನೆಲ್ಲ ಕತ್ತಲಲ್ಲಿ ನೋಡ್ಕೊಂಡು ನಡೀಬೇಕು. ಹಿಂದೆ ಬರೋ ರೈಲಲ್ಲಿ ಸಾವಿರ ಜನ ನಿದ್ದೆ ಮಾಡ್ತಿರ್ತಾರೆ.

2024ರ ಜುಲೈ 26ಕ್ಕೆ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣೇ ಜಾರಿಹೋಯ್ತು. ಸುಮಾರು ಎರಡು ವಾರ ರೈಲಿಲ್ಲ. ಚಿಕ್ಕಪ್ಪ ಅಷ್ಟು ದಿನವೂ ಅಲ್ಲೇ, ಮಳೆಯಲ್ಲಿ ಮರಳಿನ ಮೂಟೆ ಹೊತ್ತುಕೊಂಡು. ಚಿಕ್ಕಮ್ಮ ಫೋನ್ ಮಾಡಿದ್ರೆ ನೆಟ್‌ವರ್ಕ್ ಇಲ್ಲ. ನಾನು "ಎಲ್ಲರೂ ಮರೆತ ಹಳಿ" ಅಂತ ಬರೆದಿದ್ದು ಅದಾಗಿ ನಾಲ್ಕೇ ತಿಂಗಳಿಗೆ.

7/11
ಈಗ ನಿಮ್ಮ ಮಾತಿಗೆ ಬರ್ತೀನಿ. ಸ್ಟೋರೀಲಿ ಈ ವಿಷಯ ಎತ್ತಿದಾಗ ಬಂದ ಉತ್ತರಗಳು ಇವು.

"ದಿನಕ್ಕೆ ನಾಲ್ಕೈದು ರೈಲು, ಟೈಮ್ ನೋಡ್ಕೊಂಡು ಹೋದ್ರೆ ಆಯ್ತು." ನಾವೂ ನೋಡ್ಕೊಂಡೇ ಹೋಗಿದ್ದು. ಆ್ಯಪ್‌ನಲ್ಲಿ ಬರೋದು ನೀವು ಟಿಕೆಟ್ ತಗೊಳ್ಳೋ ರೈಲು ಮಾತ್ರ. ಗೂಡ್ಸ್ ಬರಲ್ಲ. ಗೂಡ್ಸನ್ನ ಮೇಲೆ ತಳ್ಳಿ ಖಾಲಿ ವಾಪಸ್ ಇಳಿಯೋ ಇಂಜಿನ್ ಬರಲ್ಲ. ಜಲ್ಲಿ ತರೋ ಗಾಡಿ, ಕೆಲಸದವರ ಟ್ರಾಲಿ ಬರಲ್ಲ.

"ಘಾಟಿಯಲ್ಲಿ ರೈಲು ನಿಧಾನ, 30 ಕಿಲೋಮೀಟರ್ ಸ್ಪೀಡು, ಓಡಿ ತಪ್ಪಿಸ್ಕೊಬಹುದು." ಸರಿ, ಬಿಕಾಂ ಹುಡುಗಿ, ಲೆಕ್ಕ ಹಾಕ್ತೀನಿ. ಅರ್ಧ ಕಿಲೋಮೀಟರ್ ಸುರಂಗ ಇದೆ ಅಂತಿಟ್ಕೊಳ್ಳಿ, ನೀವು ಸರಿಯಾಗಿ ನಡುವೆ ಇದ್ದೀರಿ. ಜಲ್ಲಿ ಮೇಲೆ, ಕತ್ತಲಲ್ಲಿ, ಗಂಟೆಗೆ ಮೂರು ಕಿಲೋಮೀಟರ್ ನಡೆದ್ರೆ ದೊಡ್ಡದು. ಹಿಂದಿನ ಬಾಯಿಂದ ರೈಲು ಒಳಗೆ ಬಂತು. 33 ಸೆಕೆಂಡಿಗೆ ಅದು ನಿಮ್ಮ ಬೆನ್ನಿಗೆ. ಅಷ್ಟರಲ್ಲಿ ನೀವು ನಡೆದಿರೋದು 28 ಮೀಟರ್. ಇನ್ನೂ 222 ಮೀಟರ್ ಬಾಕಿ. ಓಡ್ತೀನಿ ಅಂತೀರಾ? ಸ್ಲೀಪರ್ ನಡುವಿನ ಅಂತರ ನಿಮ್ಮ ಕಾಲಿನ ಅಳತೆಗೆ ಮಾಡಿದ್ದಲ್ಲ, ಒಮ್ಮೆ ಓಡಿ ನೋಡಿದೋರಿಗೆ ಗೊತ್ತು.

"ನಮ್ಮ ಜೀವ, ನಮ್ಮ ರಿಸ್ಕ್, ನಿಮಗೇನು?" ಇದಕ್ಕೆ ಬೇರೆ ಪೋಸ್ಟೇ ಬೇಕು. ಮುಂದಿನದು ನೋಡಿ.

8/11
ಎಕನಾಮಿಕ್ಸ್‌ನಲ್ಲಿ ಎಕ್ಸ್‌ಟರ್ನಾಲಿಟಿ ಅಂತ ಒಂದು ಪಾಠ ಇದೆ. ಲಾಭ ನಂದು, ಖರ್ಚು ದಾರೀಲಿ ಹೋಗೋನದ್ದು. ಕಾರ್ಖಾನೆ, ನದಿ, ಮೀನುಗಾರ ಅಂತ ಉದಾಹರಣೆ ಕೊಡ್ತಾರೆ. ನಾನು ಪರೀಕ್ಷೆಗೆ ಅದನ್ನೇ ಬರ್ದೆ, ಐದಕ್ಕೆ ನಾಲ್ಕು ಮಾರ್ಕ್ಸ್. ತಲೆಗೆ ಹೋಗಿದ್ದು ಮಾತ್ರ ಚಿಕ್ಕಪ್ಪ ಹೇಳಿದ ಒಂದು ವಿಷಯದಿಂದ.

ರೈಲ್ವೆ ನಿಯಮದಲ್ಲಿ ಹಳಿ ಮೇಲೆ ಯಾರಾದರೂ ದೀಪವನ್ನ ಜೋರಾಗಿ ಬೀಸಿದ್ರೆ, ಅದು ಯಾವ ಬಣ್ಣದ್ದೇ ಆಗಲಿ, ಅಪಾಯ, ನಿಲ್ಲಿಸಬೇಕು ಅಂತ ಅರ್ಥ. ಯಾಕಂದ್ರೆ ಕೆಂಪು ದೀಪ ಕೈಯಲ್ಲಿಲ್ಲದ ಹಳ್ಳಿಯವನೂ ರೈಲು ಉಳಿಸೋ ಹಾಗಿರ್ಬೇಕು. ಎಷ್ಟು ಒಳ್ಳೇ ನಿಯಮ ನೋಡಿ. ನಾವು ಸುರಂಗದಲ್ಲಿ ಏನು ಮಾಡ್ತೀವಿ? ಮೊಬೈಲ್ ಟಾರ್ಚ್ ಬೀಸಿ "ಲೈಟ್ ಪೇಂಟಿಂಗ್" ಮಾಡ್ತೀವಿ. ಪಾತ್ರೆ ತಿಕ್ಕೋ ಸ್ಟೀಲ್ ವೂಲ್‌ಗೆ ಬೆಂಕಿ ಹಚ್ಚಿ ಗಿರಗಿರ ತಿರುಗಿಸಿ ಕಿಡಿ ಹಾರಿಸ್ತೀವಿ. ಲೋಕೋ ಪೈಲಟ್‌ಗೆ ಅದು ಏನಾಗಿ ಕಾಣ್ಬೇಕು? ನಿಲ್ಲಿಸಿದ್ರೆ ಇಳಿಜಾರಲ್ಲಿ ಅಷ್ಟು ಭಾರದ ಗಾಡಿ ನಿಲ್ಲಿಸಿ, ಮತ್ತೆ ಹೊರಡಿಸೋ ಕಷ್ಟ, ಹಿಂದಿನ ರೈಲೆಲ್ಲ ಲೇಟು. ನಿಲ್ಲಿಸದೆ, "ಯಾರೋ ಟ್ರೆಕ್ಕಿಂಗ್ ಹುಡುಗರು" ಅಂದ್ಕೊಂಡ್ರೆ? ಅವತ್ತು ಬೀಸ್ತಿದ್ದೋನು ಚಿಕ್ಕಪ್ಪ ಆಗಿದ್ರೆ? ಮುಂದೆ ಗುಡ್ಡ ಬಿದ್ದಿದ್ರೆ?

ಇಲ್ಲಿ "ನಮ್ಮ ರಿಸ್ಕ್" ಎಲ್ಲಿ ಬಂತು? ಆ ದೀಪದ ಬೆಲೆಯನ್ನ ನಾವು ಸವೆಸ್ತಾ ಇದ್ದೀವಿ.

ಇನ್ನು, ನಿಮಗೆ ಏನಾದರೂ ಆದ್ರೆ ಅದನ್ನ ಕಣ್ಣಾರೆ ನೋಡೋದು ಲೋಕೋ ಪೈಲಟ್. ಬ್ರೇಕ್ ಹಾಕಿಯೂ ನಿಲ್ಲದ ಗಾಡಿಯಲ್ಲಿ ಕೂತು ನೋಡೋದು. ನಿಮ್ಮನ್ನ ಬಟ್ಟೆಯಲ್ಲಿ ಸುತ್ತಿ, ದಾರಿ ಇಲ್ಲದ ಕಡೆಯಿಂದ ಹೊತ್ತು ತರೋದು ಗ್ಯಾಂಗಿನವರು. ಚಿಕ್ಕಪ್ಪ ಇಪ್ಪತ್ತೆರಡು ವರ್ಷದ ಸರ್ವೀಸಲ್ಲಿ ಎಷ್ಟು ಸಲ ಹೊತ್ತಿದ್ದಾರೆ ಅಂತ ನಾನು ಕೇಳಿದೆ. "ಅದೆಲ್ಲ ಯಾಕೆ" ಅಂದು ಎಲೆ ಅಡಿಕೆ ತಟ್ಟೆ ಎಳ್ಕೊಂಡ್ರು.

9/11
2025ರಲ್ಲಿ ಜೂನ್‌ನಿಂದ ಐದು ತಿಂಗಳು ಹಗಲಿನ ಪ್ಯಾಸೆಂಜರ್ ರೈಲು ನಿಲ್ಲಿಸಿ ಘಾಟಿಯಲ್ಲಿ ವಿದ್ಯುದೀಕರಣದ ಕೆಲಸ ಮಾಡಿದ್ರು. ಆಗ ನನ್ನ ಫೀಡ್ ತುಂಬ ಒಂದೇ ಮಾತು: "ಈಗ ರೈಲಿಲ್ಲ, ಗ್ರೀನ್ ರೂಟ್ ಹೋಗೋಕೆ ಇದೇ ಸುಸಮಯ." ರೈಲು ನಿಲ್ಲಿಸಿದ್ದೇ ಕೆಲಸ ಮಾಡೋಕೆ ಕಣ್ರಪ್ಪ! ಕೆಲಸದ ಗಾಡಿ ಓಡಾಡ್ತಿರುತ್ತೆ, ರಾತ್ರಿ ರೈಲು ಇದ್ದೇ ಇತ್ತು. ರಸ್ತೆಗೆ ಡಾಂಬರ್ ಹಾಕುವಾಗ ವಾಹನ ಬಿಡಲ್ಲ ಅಂತ ರೋಡ್ ರೋಲರ್ ಮುಂದೆ ಚಾಪೆ ಹಾಸ್ತೀರಾ?

ಈಗ ಸುರಂಗದ ನೆತ್ತಿಯಲ್ಲಿ ತಂತಿ ಬಂದಿದೆ. 25,000 ವೋಲ್ಟ್. ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದ್ರೆ ಸಾಕು, ಎರಡು ಮೀಟರ್ ದೂರ ಇರಿ ಅಂತ ರೈಲ್ವೆಯವರೇ ಹೇಳ್ತಾರೆ. ಸುರಂಗದಲ್ಲಿ ಜಾಗ ಎಷ್ಟಿರುತ್ತೆ? ಉದ್ದದ ಸೆಲ್ಫಿ ಸ್ಟಿಕ್ ಎತ್ತಿ ಹಿಡಿದು ನಿಂತವನ ವಿಡಿಯೋ ಮೊನ್ನೆ ಒಬ್ಬಳು ಕಳಿಸಿದ್ಲು, "ಸೂಪರ್ ಅಲ್ವಾ" ಅಂತ. ನಾನು ಪೂರ್ತಿ ನೋಡಲಿಲ್ಲ.

10/11
ಕಾನೂನು ಇಲ್ವಾ? ಇದೆ. 1989ರ ರೈಲ್ವೆ ಕಾಯ್ದೆ, ಸೆಕ್ಷನ್ 147. ಹಳಿಗೆ ಅತಿಕ್ರಮ ಪ್ರವೇಶ ಮಾಡಿದ್ರೆ ಆರು ತಿಂಗಳ ತನಕ ಜೈಲು, ಅಥವಾ ಸಾವಿರ ರೂಪಾಯಿ ತನಕ ದಂಡ, ಅಥವಾ ಎರಡೂ. ನಮ್ಮನ್ನ ಕರ್ಕೊಂಡು ಹೋಗ್ತೀನಿ ಅಂದ ಪೇಜ್ ಕೇಳಿದ್ದು 1,499. ದಂಡ ಕಟ್ಟಿದ್ರೂ 499 ಲಾಭ. ಇದನ್ನ ನಾನು ತಮಾಷೆಗೆ ಹೇಳ್ತಿಲ್ಲ, ಇದೇ ಅವರ ಬ್ಯಾಲೆನ್ಸ್ ಶೀಟ್. ಸಿಕ್ಕಿಬಿದ್ರೆ ದಂಡ ಕಟ್ಟೋದು ಹೋದ ಹುಡುಗರು, ದುಡ್ಡು ಅವರಿಗೆ.

2023ರ ಜುಲೈನಲ್ಲಿ ದೂಧ್‌ಸಾಗರದ ಹತ್ರ ಹಳಿ ಮೇಲೆ ಬಂದ ಟ್ರೆಕ್ಕಿಂಗ್‌ನವರಿಂದ ಬಸ್ಕಿ ಹೊಡೆಸಿದ್ರು, ನೆನಪಿದೆಯಾ? ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ನನಗೆ ಆ ಶಿಕ್ಷೆ ಅವಮಾನ ಅನ್ನಿಸ್ತು, ಕೆಲಸಕ್ಕೂ ಬರಲಿಲ್ಲ. ಬಸ್ಕಿಯೂ ಒಂದು ರೀಲ್ ಆಯ್ತು ಅಷ್ಟೇ. ಮುಂದಿನ ವಾರ ಹೋಗೋರು "ಬಸ್ಕಿ ಹೊಡೆದು ಬಂದ್ವಿ ಗುರು" ಅಂತ ಹೇಳ್ಕೊಳ್ಳೋಕೆ ಹೋಗ್ತಾರೆ.

ಬೇರೆ ದೇಶದೋರು ಏನು ಮಾಡಿದ್ರು ಅಂತ ಹುಡುಕಿದೆ. ಜಪಾನ್‌ನಲ್ಲಿ ಹ್ಯೋಗೋ ಪ್ರಾಂತ್ಯದ ನಿಶಿನೋಮಿಯಾ ಕಡೆ ಮುಕೋ ನದಿ ಪಕ್ಕದಲ್ಲಿ ಫುಕುಚಿಯಾಮಾ ಮಾರ್ಗ ಅಂತ ಇದೆ. 1986ರಲ್ಲಿ ಹೊಸ ಹಳಿ ಬೇರೆ ಕಡೆ ಹಾಕಿ ಹಳೇದನ್ನ ಬಿಟ್ರು. ಅದು ನಿಜವಾದ ಪಾಳು. ಅಲ್ಲೂ ಬರಬೇಡಿ ಅಂತ ಬೋರ್ಡ್ ಇತ್ತು, ಅಲ್ಲೂ ಜನ ಕದ್ದು ಹೋಗ್ತಿದ್ರು, ನಮ್ಮ ಥರಾನೇ. ಕೊನೆಗೆ ದುರಸ್ತಿ ಮಾಡಿ 2016ರ ನವೆಂಬರ್‌ನಲ್ಲಿ ನಡೆಯೋ ದಾರಿ ಅಂತ ಬಿಟ್ಟುಕೊಟ್ರು. ಐದು ಕಿಲೋಮೀಟರ್‌ಗೆ ಸ್ವಲ್ಪ ಕಡಿಮೆ, ಆರು ಸುರಂಗ. ಒಳಗೆ ದೀಪ ಹಾಕಿಲ್ಲ, ಟಾರ್ಚ್ ನೀವೇ ತನ್ನಿ ಅಂತಾರೆ. ಇಂಗ್ಲೆಂಡ್‌ನ ಮಾನ್ಸಲ್ ಟ್ರೇಲ್‌ನಲ್ಲಿ ರೈಲು ನಿಂತದ್ದು 1968ರಲ್ಲಿ, ಸುರಂಗ ತೆರೆದದ್ದು 2011ರಲ್ಲಿ, ಸೈಕಲ್‌ನಲ್ಲೂ ಹೋಗಬಹುದು.

ವಿಡಿಯೋ ನೋಡ್ತಾ ನನಗೆ ಅಳು ಬಂತು, ಸುಳ್ಳಲ್ಲ. ಸುರಂಗದ ಕತ್ತಲೆ, ಕೊನೇಲಿ ಕಾಣೋ ಬೆಳಕಿನ ಚುಕ್ಕಿ, ಅದು ದೊಡ್ಡದಾಗ್ತಾ ಹೋಗೋದು, ಅದರ ಆಸೆ ನನಗೆ ಇವತ್ತಿಗೂ ಹೋಗಿಲ್ಲ. ಆಸೆ ತಪ್ಪಲ್ಲ. ಆದ್ರೆ ಅಲ್ಲಿ ಮೊದಲು ರೈಲು ನಿಂತಿತು, ಆಮೇಲೆ ಜನ ನಡೆದ್ರು. ನಾವು ಓಡೋ ರೈಲನ್ನ ಕ್ಯಾಪ್ಷನ್‌ನಲ್ಲಿ ಸಾಯಿಸಿ ನಡೀತಾ ಇದ್ದೀವಿ.

ರೈಲ್ವೆಗೂ ಒಂದು ಮಾತು. ಬರಬೇಡಿ ಅನ್ನೋ ಬೋರ್ಡ್ ಒಂದೇ ಸಾಲಲ್ಲ. ಈ ಘಾಟಿ ನೋಡ್ಬೇಕು ಅನ್ನೋ ಹುಚ್ಚು ಜನಕ್ಕಿದೆ. 2021ರಲ್ಲಿ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಹಾಕಿದ್ರು, ಚೆನ್ನಾಗಿದೆ, ಆದ್ರೆ ಅದರ ಟಿಕೆಟ್ ನನ್ನಂಥೋರ ಪಾಕೆಟ್ ಮನಿಗೆ ನಿಲುಕಲ್ಲ. ಎಡಕುಮೇರಿಯಂಥ ಸ್ಟೇಷನ್ನಲ್ಲಿ ಹಗಲಿನ ರೈಲನ್ನ ಹತ್ತು ನಿಮಿಷ ನಿಲ್ಲಿಸಿ, ಪ್ಲಾಟ್‌ಫಾರ್ಮ್‌ನಲ್ಲೇ ಬೇಲಿ ಹಾಕಿ, ಈ ಹಳಿ ಕಟ್ಟಿದವರ ಕಥೆ, ಕಾಯೋರ ಕಥೆ ಬರೆದ ನಾಲ್ಕು ಫಲಕ ನಿಲ್ಲಿಸಿ. ಫೋಟೋ ತೆಗೆದುಕೊಳ್ಳೋಕೆ ಒಂದು ಜಾಗ ಕೊಡಿ. ಅರ್ಧ ಜನಕ್ಕೆ ಬೇಕಾಗಿರೋದು ಅಷ್ಟೇ. ನನಗೆ ಬೇಕಾಗಿದ್ದದ್ದೂ ಅಷ್ಟೇ.

11/11
ಕೊನೇ ಫೋಟೋ ಈ ಮಾರ್ಚ್‌ನದ್ದು. ಹಗಲು ರೈಲಲ್ಲಿ, ಜನರಲ್ ಬೋಗಿ, ಕಿಟಕಿ ಪಕ್ಕ. ಸರಳಿನ ನಡುವಿಂದ ತೆಗೆದದ್ದು, ಮಸುಕಾಗಿದೆ, ಲೈಕ್ ಬರಲ್ಲ ಅಂತ ಗೊತ್ತು. ಸುರಂಗದ ಬಾಯಿ ಪಕ್ಕದಲ್ಲಿ ಕಿತ್ತಳೆ ಅಂಗಿ ಹಾಕಿ ನಿಂತಿರೋರು ಕಾಣ್ತಾರಾ? ರೈಲು ಹೋಗಲಿ ಅಂತ ಸಲಕರಣೆ ಪಕ್ಕಕ್ಕಿಟ್ಟು ನಿಂತಿರೋ ಗ್ಯಾಂಗು. ಅದರಲ್ಲಿ ಚಿಕ್ಕಪ್ಪ ಇಲ್ಲ, ಅವತ್ತು ಅವರ ರಜೆ. ಬೋಗಿಯಲ್ಲಿದ್ದ ಮಕ್ಕಳೆಲ್ಲ ಪ್ರತಿ ಸುರಂಗಕ್ಕೂ "ಹೋ" ಅಂತ ಕೂಗಿದ್ರು, ನಾನೂ ಕೂಗಿದೆ.

ನನ್ನ ಹಳೇ ಫೋಟೋ ಇನ್ನೂ ಎರಡು ದೊಡ್ಡ ಪೇಜುಗಳಲ್ಲಿದೆ, "ಕರ್ನಾಟಕದ ಗುಪ್ತ ಪಾಳು ಸುರಂಗ" ಅಂತ. ತೆಗೀರಿ ಅಂತ ಇಬ್ಬರಿಗೂ ಬರೆದೆ. ಒಬ್ಬರು ನೋಡಿ ಸುಮ್ಮನಾದ್ರು. ಇನ್ನೊಬ್ಬರು "ಕ್ರೆಡಿಟ್ ಕೊಟ್ಟಿದ್ದೀವಲ್ಲ ಸಿಸ್" ಅಂದ್ರು. ನೀವು ಎಲ್ಲಾದರೂ ಕಂಡ್ರೆ ರಿಪೋರ್ಟ್ ಮಾಡಿ, ನನ್ನ ಹೆಸರಿದ್ರೂ ಮಾಡಿ. ಆ 43 ಜನಕ್ಕೂ ಮತ್ತೆ ಮೆಸೇಜ್ ಕಳಿಸಿದ್ದೀನಿ, ಈ ಸಲ ಗೂಡ್ಸ್ ಬಂದಿದ್ದನ್ನೂ ಸೇರಿಸಿ. ಒಂಬತ್ತು ಜನ ಉತ್ತರ ಕೊಟ್ರು. ಅದರಲ್ಲಿ ನಾಲ್ಕು ಜನ ಆಗಲೇ ಹೋಗಿ ಬಂದಿದ್ರು.

ಜೂನ್ ಬಂತು. ಸಕಲೇಶಪುರದಲ್ಲಿ ಮಳೆ ಹಿಡಿದಿದೆ, ಚಿಕ್ಕಪ್ಪನಿಗೆ ಇವತ್ತು ರಾತ್ರಿಯಿಂದ ಗಸ್ತು.

ಕಾಮೆಂಟಲ್ಲಿ ಲೊಕೇಶನ್ ಕೇಳಬೇಡಿ, ಕೊಡಲ್ಲ.

#ಸಕಲೇಶಪುರ #ಎಡಕುಮೇರಿ #ಪಾಳುಅಲ್ಲ #ಹಳಿಯತಲೆನೋಡಿ